ತೆರೆಯುವ ಮೊದಲೇ ಮುಚ್ಚಿದ ದವಾಖಾನೆ

ನಿವೃತ್ತಳಾಗಿ ಹತ್ತಾರು ವರ್ಷ ಕಳೆದ ಮೇಲೆ ಒಂದು ದಿನ ಮೊಣಕಾಲು ನೋವಿಗೆ ಗುಳಿಗೆ ತರಲು ಗಜೇಂದ್ರಗಡದ ಹಳೆಯ ದವಾಖಾನೆಗೆ ಹೋಗಿದ್ದೆ. ಅಣ್ಣನ ಮಗ ಶರಣಪ್ಪ ಜೊತೆಗಿದ್ದ. ಹಿಂದಿನ ಪಡಸಾಲೆಯಲ್ಲಿ ಇಬ್ಬರು ಆಳುಗಳು ಪೀಪಾಯಿಯಲ್ಲಿ ಸುಣ್ಣದ ಹರಳು ಹಾಕಿ ನೀರು ಹೊಯ್ದರು. ಸುಣ್ಣ ಬುಸುಗುಟ್ಟಿ ಕುದಿಯತೊಡಗಿತು. ಮೂಗಿನೊಳಗೆ ಚುಚ್ಚುವ ಆ ಬಿಸಿ ವಾಸನೆ ಬಂದದ್ದೇ ನಾನು ಗೋಡೆ ಹಿಡಿದು ನಿಂತೆ.

"ಯಾಕ ಅತ್ತಿ, ತಲಿ ತಿರಗಾಕ ಹತ್ತೇತೇನು?" ಎಂದ ಶರಣಪ್ಪ.

"ಇಲ್ಲೋ. ಸುಣ್ಣದ ವಾಸನಿ," ಎಂದೆ. ಅವನು ತನ್ನ ಕರವಸ್ತ್ರ ಕೊಟ್ಟ. ಅವನಿಗೆ ಹೇಗೆ ಹೇಳಲಿ, ಅವನು ತೊಟ್ಟಿಲಲ್ಲಿದ್ದ ಬೇಸಿಗೆಯಲ್ಲಿ ನಾನು ಇದೇ ಕಟ್ಟಡದೊಳಗೆ, ಇದೇ ವಾಸನೆಯಲ್ಲಿ, ಐವತ್ತಕ್ಕೂ ಹೆಚ್ಚು ದಿನ ಸಿಕ್ಕಿಬಿದ್ದಿದ್ದೆ ಎಂದು?

ಕರ್ನಾಟಕ ಒಂದಾಗುವ ಮುಂಚಿನ ಮಾತು. ನಮ್ಮ ಸೀಮೆ ಆಗಿನ್ನೂ ಮುಂಬೈ ರಾಜ್ಯದಲ್ಲಿತ್ತು. ನನಗೆ ಇಪ್ಪತ್ತೊಂದು ವರ್ಷ. ಹುಬ್ಬಳ್ಳಿಯಲ್ಲಿ ನರ್ಸ್ ತರಬೇತಿ ಮುಗಿಸಿ, ಊರಲ್ಲೇ ಹೊಸದಾಗಿ ಎದ್ದ ದವಾಖಾನೆಗೆ ನೇಮಕವಾಗಿ ಬಂದಿದ್ದೆ. ನಮ್ಮದು ನೇಕಾರರ ಮನೆ. ಮನೆಯಿಂದ ದವಾಖಾನೆ ಅರ್ಧ ಮೈಲಿ. ಮಗಳು ಮನೆಯಲ್ಲೇ ಉಂಡು ಮಲಗಿ ಸರಕಾರಿ ಕೆಲಸ ಮಾಡುತ್ತಾಳೆಂದು ಅಪ್ಪ ಓಣಿಯ ತುಂಬ ಹೇಳಿಕೊಂಡು ಬಂದಿದ್ದ. ಉದ್ಘಾಟನೆ ಯುಗಾದಿ ಕಳೆದ ಮೇಲೆ ಎಂದಿತ್ತು. ಅದಕ್ಕೂ ಮೊದಲು ಬಂದು ಹೊಸ ಮಂಚ, ಚಾದರಗಳನ್ನು ಎಣಿಸಿ ಇಡು ಎಂದು ನನಗೆ ಆದೇಶವಾಗಿತ್ತು.

ಹೋದ ಮೊದಲ ದಿನ ಮುಂಜಾನೆ ಓವರ್‌ಸಿಯರ್ ಶ್ರೀನಿವಾಸರಾಯರು ನನಗೆ ಇಡೀ ಕಟ್ಟಡ ತೋರಿಸಿದರು. ಧಾರವಾಡದ ಕಡೆಯವರು, ತೆಳ್ಳನೆಯ ಆಳು. ಬಗಲಲ್ಲಿ ಸದಾ ನಕಾಶೆಯ ಸುರುಳಿ. ಆ ಕಟ್ಟಡಕ್ಕೆ ಎರಡು ವರ್ಷ ಸವೆಸಿದ್ದರು. ಗುಡ್ಡದ ಕೆಂಗಲ್ಲಿನ ಗೋಡೆಗಳು, ಕುದುರೆ ಲಾಳದಂತೆ ಬಾಗಿದ ಒಂದೇ ಅಂತಸ್ತು, ಸುತ್ತಲೂ ಕಮಾನುಗಳ ಪಡಸಾಲೆ. ಎಡಕ್ಕೆ ಗಂಡಸರ ವಾರ್ಡು, ಬಲಕ್ಕೆ ಹೆಂಗಸರದು. ವಾರ್ಡಿನ ನಡುವೆ ನಿಲ್ಲಿಸಿ, "ಇಲ್ಲಿ ಸುಮ್ಮನ ನಿಂದರ್ರಿ. ಗಾಳಿ ಬಂತಲ್ಲ?" ಎಂದರು. ನಿಜವಾಗಿ ಬಂತು. "ಆ ಮ್ಯಾಲಿನ ಬೆಳಕಿಂಡಿ ನೋಡ್ರಿ. ಬಿಸಿಗಾಳಿ ಏರಿ ಅಲ್ಲಿಂದ ಹೊರಗ ಹೋಗತದ, ತಂಪಂದು ಕೆಳಗಿನ ಕಿಡಕಿಯಿಂದ ಒಳಗ ಬರತದ. ಬ್ಯಾನಿ ಬಂದವರಿಗೆ ಅರ್ಧ ಔಷಧ ಇದ."

ಆದರೆ ಅವರ ಜೀವ ಇದ್ದದ್ದು ಲಾಳದ ನಡುವಿನ ತೋಟದಲ್ಲಿ. ನಕಾಶೆಯಲ್ಲಿ ಅದನ್ನು ಹಸಿರು ಮಸಿಯಿಂದ ತುಂಬಿದ್ದರು. ನಡುವೆ ಒಂದು ದೊಡ್ಡ ವರ್ತುಲ, ಅದರ ಕೇಂದ್ರದಲ್ಲಿ ಕಾರಂಜಿ, ಸುತ್ತ ಗುಲಾಬಿ ಮಡಿಗಳು. ನಮ್ಮ ನೆಲ ಬರೀ ಗರಸು. ಹಾರೆ ಹಾಕಿದರೆ ಕಿಡಿ ಹಾರುತ್ತದೆ. ಅದಕ್ಕೆ ವರ್ತುಲವನ್ನು ಎದೆಯಾಳ ಅಗೆಸಿ, ರಾಜೂರ ಹೊಲಗಳಿಂದ ಗಾಡಿಗಟ್ಟಲೆ ಎರೆಮಣ್ಣು ತರಿಸಿ ತುಂಬಿಸಿದ್ದರು. ಪುಣೆಯಿಂದ ಬಂದ ಗುಲಾಬಿ ಸಸಿಗಳು ಆಗಲೇ ಚಿಗುರಿದ್ದವು.

ಅವನ್ನು ನೋಡಿಕೊಳ್ಳುತ್ತಿದ್ದವ ಸೂಡಿಯ ಮಾಲಿ ಹುಚ್ಚೀರಪ್ಪ. ಅರವತ್ತರ ಆಸುಪಾಸಿನ ಮುದುಕ. ಮುಖದ ತುಂಬ ಸಿಡುಬಿನ ಕುಳಿ, ಎಡಗಣ್ಣು ಬೆಳ್ಳಗೆ ಮುಚ್ಚಿಹೋಗಿತ್ತು. ರಾಯರು ಕಾರಂಜಿಯ ಮಾತು ಎತ್ತಿದಾಗ ಅವನು ನನ್ನ ಕಡೆ ತಿರುಗಿ, "ಬಾವ್ಯಾಗ ಕೊಡ ಮುಳಗಾಕ ನೀರಿಲ್ಲ ತಂಗಿ. ಕಾರಂಜಿ ಏನ ಉಗುಳತೈತಿ?" ಎಂದ. ರಾಯರಿಗೆ ಕೇಳಿಸಿತು. ಕೇಳಿಸದವರಂತೆ ನಡೆದರು.

ಎರಡು ದಿನ ಚಾದರ ಎಣಿಸಿ ಸಂಜೆ ಮನೆಗೆ ಹೋದೆ. ಮೂರನೆಯ ದಿನ ಹೋಗಲಾಗಲಿಲ್ಲ.

ಕೆಲಸದವರು ಮೂವತ್ತು ಜನರಿಗಿಂತ ಹೆಚ್ಚಿದ್ದರು. ಆವಾರದ ಹಿಂಭಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಗಾರೆಯ ಬುಟ್ಟಿ ಹೊರುವ ಪುರ್ತಗೇರಿಯ ಮಲ್ಲವ್ವನಿಗೆ ನಾಲ್ಕು ದಿನದಿಂದ ಜ್ವರವಂತೆ. ನೋಡ ಹೋದೆ. ಹಣೆ, ಮುಂಗೈ ತುಂಬ ಗುಳ್ಳೆ. ಮುಟ್ಟಿದರೆ ಚರ್ಮದಡಿ ಕಾಳಿನಂತೆ ಗಟ್ಟಿ. ಪಕ್ಕದ ಹೆಂಗಸು ಕೈಮುಗಿದು, "ಅವ್ವ ಬಂದಾಳ್ರಿ," ಎಂದಳು. ಅವ್ವ ಎಂದರೆ ದೇವಿ, ದೇವಿ ಎಂದರೆ ಸಿಡುಬು. ನಾನು ರಾಯರಿಗೆ ಹೇಳಿದೆ. ಅವರು ರೋಣಕ್ಕೆ ಆಳು ಕಳಿಸಿದರು. ಮಧ್ಯಾಹ್ನಕ್ಕೆ ತಾಲೂಕಿನ ಡಾಕ್ಟರು ಜೀಪಿನಲ್ಲಿ ಬಂದರು. ನೋಡಿದವರೇ ದೊಡ್ಡ ಬಾಗಿಲು ಹಾಕಿಸಿ ಹೊರಗೆ ಪೊಲೀಸನನ್ನು ನಿಲ್ಲಿಸಿದರು.

"ಕಡೀ ರೋಗಿಯ ಮೈಮ್ಯಾಲಿನ ಗುಳ್ಳಿ ಒಣಗಿ ಹಕ್ಕಳೆ ಉದುರೋತನಕ ಯಾರೂ ಹೊರಗ ಹೋಗಂಗಿಲ್ಲ," ಎಂದರು.

"ಸಾಹೇಬ್ರ, ನಾ ಬರೇ ಚಾದರ ಎಣಸಾಕ ಬಂದಾಕಿ," ಎಂದೆ.

"ಆಕೀನ್ನ ಮುಟ್ಟೀಯಲ್ಲವ್ವಾ?"

"ಮುಟ್ಟೇನ್ರಿ."

"ಹಂಗಾರ ನೀನೂ ಇಲ್ಲೇ. ಮತ್ತ ಇವರನ್ನ ನೋಡಾವರು ಯಾರು?"

ಜನ ಮುಂದೆ ನನ್ನ ಬಗ್ಗೆ ಬೇರೆಯೇ ಕಥೆ ಕಟ್ಟಿದರು. ನೀಲವ್ವ ನರ್ಸಬಾಯಿ ತಾನಾಗಿ ಒಳಗೆ ಉಳಿದಳು, ಮನೆಗೆ ಹೋಗು ಎಂದರೂ ಹೋಗಲಿಲ್ಲ ಎಂದು. ನಿವೃತ್ತಿಯ ಸಮಾರಂಭದಲ್ಲೂ ಒಬ್ಬರು ಹಾಗೆ ಹೇಳಿ ಹಾರ ಹಾಕಿದರು. ನಾನು ಹಾಕಿಸಿಕೊಂಡೆ. ಖರೇ ಹೇಳಬೇಕೆಂದರೆ ಅಂದು ಬಾಗಿಲಿನ ಅಗಳಿ ಬಿದ್ದ ಮೇಲೂ ಮನೆಗೆ ಬಿಡಿರೆಂದು ಪೊಲೀಸನನ್ನು ಬೇಡಿಕೊಂಡಿದ್ದೆ. ಅತ್ತಿಗೆ ಹಡೆದು ಐದು ದಿನವಾಗಿತ್ತು. ಹದಿಮೂರನೆಯ ದಿನಕ್ಕೆ ತೊಟ್ಟಿಲು ಕಟ್ಟುವ ಕಾರ್ಯ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು.

ಡಾಕ್ಟರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೋಳಿಗೆ ಲಸಿಕೆ ಚುಚ್ಚಿದರು. ಮೊದಲೇ ಹಾಕಿಸಿಕೊಂಡವರ ಕಲೆ ನೋಡಿ ಬಿಡುತ್ತಿದ್ದರು. ಹೆಸರು ಬರೆದುಕೊಳ್ಳುವ ಕೆಲಸ ನನ್ನದು. ಹಿರಿಯ ಗೌಂಡಿ ಇಮಾಮಸಾಬ ಬಂದ. ಆ ಕಮಾನುಗಳನ್ನೆಲ್ಲ ಕಟ್ಟಿದವನು ಅವನೇ. ಲಸಿಕೆಯಿಂದ ಕೈ ಬಾತು ಹದಿನೈದು ದಿನ ಕರಣೆ ಹಿಡಿಯಲಾಗದೆಂದು ಯಾರೋ ಅವನಿಗೆ ಹೇಳಿದ್ದರಂತೆ. ಅದು ನನಗೆ ಆಮೇಲೆ ತಿಳಿದದ್ದು. ಅವನು ತೋಳು ಮಡಿಸಿ ಒಂದು ಕಲೆ ತೋರಿಸಿ, "ಸಣ್ಣಾಂವಿದ್ದಾಗ ಹಾಕ್ಯಾರ್ರಿ," ಎಂದ. ಡಾಕ್ಟರು ಆಚೆ ಮುಖ ಮಾಡಿ ಸೂಜಿ ಕಾಯಿಸುತ್ತಿದ್ದರು. ನಾನು ಆ ಕಲೆ ನೋಡಿದೆ. ಅದು ಲಸಿಕೆಯದಲ್ಲ, ಸುಣ್ಣ ಸಿಡಿದು ಸುಟ್ಟದ್ದು ಎಂದು ಕಣ್ಣಿಗೆ ಕಾಣುವಂತಿತ್ತು. ಆದರೆ ನನ್ನ ತಲೆಯಲ್ಲಿ ನಮ್ಮ ಮನೆಯ ತೊಟ್ಟಿಲು ತೂಗುತ್ತಿತ್ತು. ಯಾರಿಗೆ ಏನಾದರೆ ನನಗೇನು ಎನ್ನುವ ಸಿಟ್ಟಿತ್ತು. ಹೆಸರಿನ ಮುಂದೆ ‘ಆಗಿದೆ’ ಎಂದು ಬರೆದೆ.

ಸಾಂಕ್ರಾಮಿಕ ರೋಗಿಗಳಿಗೆಂದು ನಕಾಶೆಯಲ್ಲಿ ವಾಯವ್ಯ ಮೂಲೆಗೆ ಬೇರೆ ಕೋಣೆಗಳಿದ್ದವು. ನೆಲದ ಮೇಲೆ ಅಲ್ಲಿ ಬರೀ ಪಾಯವಿತ್ತು. ಗುಡಿಸಲಿನ ಮೇಲೆ ತಗಡು. ಒಳಗೆ ಕೂತರೆ ಒಲೆಯ ಮೇಲೆ ಕೂತಂತೆ. ಮಲ್ಲವ್ವನನ್ನು ಎಲ್ಲಿಡುವುದೆಂದು ನಾನು ಕೇಳಿದರೆ ರಾಯರು ನಕಾಶೆಯನ್ನೇ ನೋಡುತ್ತ ನಿಂತರು. ವಾರ್ಡಿನ ಷಾಬಾದಿ ಕಲ್ಲಿನ ನೆಲಹಾಸನ್ನು ಉದ್ಘಾಟನೆಗೆಂದು ಆಗಷ್ಟೇ ತಿಕ್ಕಿಸಿ ಬೀಗ ಹಾಕಿದ್ದರು. ಹುಚ್ಚೀರಪ್ಪ ಏನೂ ಕೇಳದೆ ಮಲ್ಲವ್ವನನ್ನು ಕೌದಿಯ ಸಮೇತ ಎತ್ತಿಕೊಂಡು ಬಂದು ವಾರ್ಡಿನ ಬಾಗಿಲ ಮುಂದೆ ನಿಂತ.

"ಕೀಲಿ ತಗೀರಿ ರಾಯರ."

"ಮ್ಯಾಲಿನವರಿಗೆ ನಾ ಏನು ಹೇಳ್ಲೋ?"

"ಏನರ ಹೇಳ್ರಿ. ನನ್ನ ಕೈ ಸೋಲಾಕತ್ತಾವ."

ರಾಯರು ಬೀಗ ತೆಗೆದರು. ಹಾಗೆ ಆ ದವಾಖಾನೆಯ ಮೊದಲ ಮಂಚದ ಮೇಲೆ ಮಲಗಿದವಳು ಅದಕ್ಕೆ ಗಾರೆ ಹೊತ್ತವಳು.

ಒಂದೆರಡು ವಾರದೊಳಗೆ ಆರು ಮಂದಿ ಮಲಗಿದರು. ಹುಚ್ಚೀರಪ್ಪನಿಗೆ ಭಯವಿರಲಿಲ್ಲ. "ಆಕಿ ನನ್ನನ್ನ ಒಮ್ಮೆ ನೋಡಿ ಹೋಗ್ಯಾಳ, ಮತ್ತ ಬರಂಗಿಲ್ಲ," ಎಂದು ರೋಗಿಗಳ ಮೈ ಒರೆಸುತ್ತಿದ್ದ, ಬೇವಿನ ಎಲೆ ಹಾಸುತ್ತಿದ್ದ, ಗಂಜಿ ಕುಡಿಸುತ್ತಿದ್ದ. ನನ್ನ ಬಳಿ ಇದ್ದದ್ದು ತೊಳೆಯುವ ನೇರಳೆ ಬಣ್ಣದ ಔಷಧ, ಜ್ವರದ ಪುಡಿ, ಎಣಿಸಿಟ್ಟ ಚಾದರಗಳು. ಬೆಳಿಗ್ಗೆ ಎಂಟಕ್ಕೇ ಬಿಸಿಲು ಕಾಯತೊಡಗುತ್ತಿತ್ತು. ಕೀವಿನ ವಾಸನೆ, ಹಸಿ ಸುಣ್ಣದ ವಾಸನೆ ಎರಡೂ ಕೂಡಿ ಅನ್ನ ಗಂಟಲಿಗಿಳಿಯುತ್ತಿರಲಿಲ್ಲ. ರಾಯರು ದಿನಕ್ಕೆ ನಾಲ್ಕು ಸಲ ಕಿಟಕಿಯ ಹೊರಗೆ ಬಂದು ನಿಂತು, "ಗಾಳಿ ಬರ್ತದೇನ್ರಿ ಅವರಿಗೆ?" ಎಂದು ಕೇಳುತ್ತಿದ್ದರು. ಬರುತ್ತಿತ್ತು. ಆ ಕಟ್ಟಡ ಅವರ ಮಾತು ಉಳಿಸಿಕೊಂಡಿತು.

ನೀರು ಮಾತ್ರ ಉಳಿಯಲಿಲ್ಲ. ಎಂಟನೆಯ ದಿನ ಬಾವಿಯ ತಳ ಕಂಡಿತು. ಹೊರಗಿನಿಂದ ದಿನಕ್ಕೆ ಒಂದು ಬಂಡಿ ನೀರು ಬಾಗಿಲವರೆಗೆ ಬರುತ್ತಿತ್ತು, ಅದು ಗಂಜಿಗೂ ಮೈ ಒರೆಸುವುದಕ್ಕೂ ಸಾಲುತ್ತಿರಲಿಲ್ಲ. ಹುಚ್ಚೀರಪ್ಪ ಗುಲಾಬಿಗೆ ನೀರು ಬಿಡುವುದನ್ನು ತಾನೇ ನಿಲ್ಲಿಸಿದ. ನಾಲ್ಕು ತಿಂಗಳು ಕೂಸಿನಂತೆ ಸಾಕಿದ ಸಸಿಗಳು. ಅವು ತಲೆ ಬಾಗಿಸಿದ ದಿನ ಅವನು ಆ ಕಡೆ ಹೋಗಲೇ ಇಲ್ಲ. ರಾಯರು ಮಾತ್ರ ತಮ್ಮ ಮುಖ ತೊಳೆದ ನೀರನ್ನು ಒಂದು ತಂಬಿಗೆಯಲ್ಲಿ ಹಿಡಿದು ಒಂದೇ ಒಂದು ಸಸಿಗೆ ಹಾಕುತ್ತಿದ್ದುದನ್ನು ಕಂಡೆ. ನನ್ನನ್ನು ನೋಡಿ ಅವರು ತಂಬಿಗೆಯನ್ನು ಬೆನ್ನ ಹಿಂದೆ ಮರೆ ಮಾಡಿದರು.

ದಿನಾ ಸಂಜೆ ಅಪ್ಪ ಬರುತ್ತಿದ್ದ. ಬಾಗಿಲಿನಿಂದ ಇಪ್ಪತ್ತು ಹೆಜ್ಜೆ ದೂರದ ಕಲ್ಲಿನ ಮೇಲೆ ರೊಟ್ಟಿಯ ಗಂಟು ಇಟ್ಟು ಹಿಂದೆ ಸರಿಯುತ್ತಿದ್ದ. ಪೊಲೀಸ ತಂದು ಒಳಗೆ ಕೊಡುತ್ತಿದ್ದ. ಅಪ್ಪನಿಗೆ ಮಗ್ಗದ ಸದ್ದಿನಲ್ಲಿ ಅರ್ಧ ಕಿವಿ ಹೋಗಿತ್ತು. ನಾನು ಕೂಗಬೇಕು.

"ಕೂಸು ಹ್ಯಾಂಗೈತಿ?"

"ಚಲೋ ಐತಿ. ನಿನ್ನಂಗ ಮೂಗು."

"ತೊಟ್ಟಿಲ ಕಾರ್ಯ ಮುಂದ ಹಾಕ್ರಿ, ನಾ ಬರೂತನಕ."

ಅವನಿಗೆ ಕೇಳಿತೋ ಇಲ್ಲವೋ. ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು ಹೋದ.

ಕೂಸಿನ ಹದಿಮೂರನೆಯ ದಿನ ಬಂತು. ನಡುಮಧ್ಯಾಹ್ನ ಪೊಲೀಸ ಬೇವಿನ ನೆರಳಲ್ಲಿ ತೂಕಡಿಸುತ್ತಿದ್ದ. ಹಿಂದಿನ ಆವಾರಗೋಡೆ ಒಂದು ಕಡೆ ಇನ್ನೂ ಪೂರ್ತಿಯಾಗಿರಲಿಲ್ಲ, ಎದೆಮಟ್ಟಕ್ಕಿತ್ತು. ಪಕ್ಕದಲ್ಲಿ ಕಲ್ಲಿನ ಗುಡ್ಡೆ. ನಾನು ಎರಡು ದಿನದಿಂದ ಅದನ್ನೇ ನೋಡಿಟ್ಟುಕೊಂಡಿದ್ದೆ. ಸೆರಗು ಸಿಕ್ಕಿಸಿ ಗುಡ್ಡೆ ಹತ್ತಿದೆ. ಗೋಡೆಯ ಮೇಲೆ ಕಾಲು ಹಾಕುವಾಗ ಕೆಳಗಿನಿಂದ ಕೆಮ್ಮಿದ ಸದ್ದು. ಹುಚ್ಚೀರಪ್ಪ ಗೋಡೆಯ ಬುಡದಲ್ಲೇ ಕೂತು ತಂಬಾಕು ತಿಕ್ಕುತ್ತಿದ್ದ.

ಅವನು ತಡೆಯಲಿಲ್ಲ, ಏಳಲೂ ಇಲ್ಲ. "ನಮ್ಮ ಸ್ವಾದರಮಾವ ದಸರಾದಾಗ ಬನ್ನಿ ಕೊಡಾಕ ಬಂದಿದ್ದ ತಂಗಿ," ಎಂದ. "ಅವರೂರಾಗ ಅವ್ವ ಬಂದಿದ್ಲು. ಅಂವಗೇನೂ ಆಗಿರಲಿಲ್ಲ, ಗಟ್ಟಿ ಇದ್ದ. ನಮಗ ಬನ್ನಿ ಕೊಟ್ಟು, ನಮ್ಮ ತಂಗೀನ್ನ ತೊಡೀಮ್ಯಾಲ ಕುಂದರಿಸಿಕೊಂಡು ಉಂಡು ಹ್ವಾದ. ಮನ್ಯಾಗ ಆರು ಮಂದಿ ಇದ್ವಿ. ನಾ ಒಬ್ಬನ ಉಳದೆ."

ನಾನು ಗೋಡೆಯ ಮೇಲೆ ಕೂತಿದ್ದೆ. ಅಲ್ಲಿಂದ ನಮ್ಮ ಓಣಿ ಕಾಣುತ್ತಿತ್ತು. ಬಣ್ಣ ಹಾಕಿದ ನೂಲಿನ ಲಡಿಗಳು ಬಿದಿರಿನ ಮೇಲೆ ಒಣಗುತ್ತಿದ್ದವು. ನಮ್ಮ ಮನೆಯ ಬಾಗಿಲಿಗೆ ಮಾವಿನ ತೋರಣವಿದ್ದಂತೆ ಅನಿಸಿತು, ಅಷ್ಟು ದೂರದಿಂದ ಕಂಡಿರಲಾರದು. ಗೋಡೆಯ ಆಚೆ ಹಾರಿದರೆ ಮುಗಿಯಿತು. ಎಷ್ಟು ಹೊತ್ತು ಕೂತೆನೋ, ಕಲ್ಲು ತೊಡೆ ಸುಡತೊಡಗಿತು. ಇಳಿದೆ, ಈಚೆಗೆ. ಅವನ ಮುಖ ನೋಡದೆ ವಾರ್ಡಿಗೆ ಹೋದೆ. ಎರಡು ದಿನ ಅವನೊಡನೆ ಮಾತಾಡಲಿಲ್ಲ. ಹೋಗಲು ಬಿಟ್ಟು, ಹೋಗದಂತೆ ಮಾಡಿದನಲ್ಲ ಎಂದು ಅವನ ಮೇಲೆ ಅಂದು ಬಂದ ಸಿಟ್ಟು ಡಾಕ್ಟರ ಮೇಲೂ ಬಂದಿರಲಿಲ್ಲ.

ಅದೇ ಹೊತ್ತಿಗೆ ಇಮಾಮಸಾಬನಿಗೆ ಜ್ವರ ಬಂತು. ಗುಳ್ಳೆ ಎದ್ದಾಗ ಒಂದಕ್ಕೊಂದು ಕೂಡಿ ಮುಖವೇ ಒಂದು ಹುಣ್ಣಾಯಿತು. ಲಸಿಕೆ ಹಾಕಿಸಿಕೊಂಡವರು ಒಬ್ಬೊಬ್ಬರಾಗಿ ಎದ್ದು ಕೂರುತ್ತಿದ್ದರು. ಮಲ್ಲವ್ವ ಕೂಡ ಗೋಡೆ ಹಿಡಿದು ನಡೆಯುತ್ತಿದ್ದಳು. ಅವನು ಮಾತ್ರ ಇಳಿಯುತ್ತ ಹೋದ. ನಾನು ಅವನ ತೋಳು ತೊಳೆಯುವಾಗ ಆ ಸುಣ್ಣದ ಕಲೆ ಕೈಗೆ ಸಿಗುತ್ತಿತ್ತು.

ಒಂದು ಮುಂಜಾನೆ ಅವನು ಚಾವಣಿ ನೋಡುತ್ತ, "ನರ್ಸಬಾಯಿ, ನಲವತ್ತ ವರ್ಷ ಮಂದೀಗೆ ಮನಿ ಕಟ್ಟೇನಿ. ಕಟ್ಟಿದ್ದರ ಒಳಗ ಮಲಗಿದ್ದು ಇದ ಮೊದಲ," ಎಂದ. "ತಂಪೈತಿ."

ನನಗೆ ತಡೆಯಲಾಗಲಿಲ್ಲ. "ಸಾಬ, ಆ ಕಲೆ ದೇವಿ ಚುಚ್ಚಿದ್ದಲ್ಲಂತ ನನಗ ಗೊತ್ತಿತ್ತು. ನಾ ಸುಮ್ಮನ ಬರದೆ," ಎಂದೆ.

ಅವನು ನನ್ನ ಕಡೆ ಮುಖ ತಿರುಗಿಸಿದ. "ಸುಳ್ಳ ಹೇಳಿದಾಂವ ನಾ," ಎಂದ. "ನೀ ಯಾಕ ಹೊರತಿ ಅದನ್ನ?" ಆಮೇಲೆ ನೀರು ಕೇಳಿದ. ಅದು ಅವನ ದೊಡ್ಡ ಮನಸ್ಸು. ನನ್ನ ಹೊರೆ ಅದರಿಂದ ಇಳಿಯಲಿಲ್ಲ, ಇಂದಿಗೂ ಪೂರ್ತಿ ಇಳಿದಿಲ್ಲ.

ಅದಾದ ಮೂರನೆಯ ದಿನ ಮಧ್ಯಾಹ್ನ ಅವನು ತೀರಿದ. ಹೆಣ ಹೊರಗೆ ಹೋಗಕೂಡದು, ಆವಾರದಲ್ಲೇ ಆಳವಾಗಿ ಹೂಳಬೇಕೆಂದು ಡಾಕ್ಟರು ಬಾಗಿಲಾಚೆಯಿಂದ ಹೇಳಿದರು. ಗಟ್ಟಿಯಿದ್ದ ನಾಲ್ವರು ಹಿಂದಿನ ಮೂಲೆಯಲ್ಲಿ ಹಾರೆ ಹಾಕಿದರು. ಗರಸು ಬಿಡಲಿಲ್ಲ. ಎರಡು ತಾಸು ಹೊಡೆದರೂ ಮೊಣಕಾಲಷ್ಟು ಆಳವಾಗಲಿಲ್ಲ. ಹೊತ್ತು ಇಳಿಯುತ್ತಿತ್ತು. ಆಳವಾದ ಮೆತ್ತನೆಯ ಮಣ್ಣು ಇದ್ದದ್ದು ಒಂದೇ ಕಡೆ. ಅದು ಎಲ್ಲರಿಗೂ ಗೊತ್ತಿತ್ತು.

ರಾಯರು ನಕಾಶೆ ಹಿಡಿದು ಪಡಸಾಲೆಯಲ್ಲಿ ನಿಂತಿದ್ದರು. ಅದನ್ನು ಬಿಚ್ಚಲಿಲ್ಲ. ಮೆಟ್ಟಿಲಿಳಿದು ಒಣಗಿದ ಗುಲಾಬಿಗಳ ನಡುವೆ ನಡೆದು ಹೋಗಿ, ಕಾರಂಜಿಗೆಂದು ಗೂಟ ನೆಟ್ಟಿದ್ದ ಜಾಗದಲ್ಲಿ ನಿಂತು, ತಮ್ಮ ಕೈಯಿಂದಲೇ ಗೂಟ ಕಿತ್ತರು.

"ಇಲ್ಲಿ ಅಗೀರಿ," ಎಂದರು.

ನಾನು ಎಣಿಸಿಟ್ಟ ಚಾದರಗಳಲ್ಲಿ ಹೊಸದನ್ನು ತಂದು ಕೊಟ್ಟೆ. ಅವನ ಜೊತೆಯ ಇಬ್ಬರು ಗೌಂಡಿಗಳು ನಮಾಜು ಮಾಡಿದರು. ಉಳಿದವರು ದೂರ ನಿಂತೆವು. ಅಂದು ಸಂಜೆ ಅಪ್ಪ ಬಂದಾಗ ನಾನು ಬಾಗಿಲಿಗೆ ಹೋಗಲಿಲ್ಲ.

ಮತ್ತೆ ಯಾರಿಗೂ ರೋಗ ತಾಗಲಿಲ್ಲ. ಆದರೂ ಕೊನೆಯವನ ಹಕ್ಕಳೆ ಉದುರಿ, ಕೌದಿ, ಗುಡಿಸಲು ಸುಟ್ಟು, ಗೋಡೆಗಳಿಗೆಲ್ಲ ಮತ್ತೊಮ್ಮೆ ಸುಣ್ಣ ಹೊಡೆದು ಬಾಗಿಲು ತೆರೆಯುವಷ್ಟರಲ್ಲಿ ಯುಗಾದಿ ಕಳೆದು ಬಹಳ ದಿನವಾಗಿತ್ತು. ಆ ಕೊನೆಯ ದಿನಗಳು ಎಲ್ಲಕ್ಕಿಂತ ಉದ್ದ. ಕೆಲಸವಿಲ್ಲ, ಹೋಗುವಂತಿಲ್ಲ. ಕಮಾನಿನಿಂದ ಕಮಾನಿಗೆ ನಡೆದು ಮತ್ತೆ ಹಿಂದಿರುಗುತ್ತಿದ್ದೆವು.

ಬಾಗಿಲು ತೆರೆದ ಮುಂಜಾನೆ ಗಂಟು ಕಟ್ಟಿ ಮೊದಲು ನಿಂತವಳು ನಾನೇ. ಆಚೆ ಒಬ್ಬ ಹೆಂಗಸು ನಿಂತಿದ್ದಳು. ಇಮಾಮಸಾಬನ ಹೆಂಡತಿ ಜೈನಾಬಿ. ಬೆಳಕು ಹರಿಯುವ ಮೊದಲೇ ಬಂದಿದ್ದಳೆಂದು ಪೊಲೀಸ ಹೇಳಿದ.

"ಎಲ್ಲಿ ಇಟ್ಟೀರಿ?" ಎಂದಳು.

ಗಂಟು ಅಲ್ಲೇ ಇಟ್ಟು ನಾನು ಮತ್ತೆ ಒಳಗೆ ನಡೆದೆ. ವರ್ತುಲದ ನಡುವೆ ಮಣ್ಣಿನ ದಿಬ್ಬ, ಸುತ್ತ ಕಡ್ಡಿಯಾದ ಗುಲಾಬಿಗಳು. ಅವಳು ಕೂತು ಮಣ್ಣು ಸವರಿದಳು. ಅಳಲಿಲ್ಲ. ತಲೆ ಎತ್ತಿ ಸೂರ್ಯನ ಕಡೆ ನೋಡಿ ನಮ್ಮನ್ನು ಕೇಳಿದಳು: "ಜನ್ಮಪೂರ್ತಿ ಬಿಸಲಾಗ ದುಡದಾರ್ರಿ ಅವರು. ಈಗೂ ಬಿಸಲಾಗ ಇಟ್ರೇನು?"

ರಾಯರು ಹೋಗಿ ತಮ್ಮ ಕೊಡೆ ತಂದು ಬಿಚ್ಚಿ, ಅವಳಿಗೂ ಆ ಮಣ್ಣಿಗೂ ನೆರಳಾಗುವಂತೆ ಹಿಡಿದು ನಿಂತರು. ಅವಳು ಏಳುವವರೆಗೆ ನಿಂತೇ ಇದ್ದರು. ಹುಚ್ಚೀರಪ್ಪ ಆಗಲೇ ಗೋಡೆಯ ಕಡೆ ಹೋಗಿದ್ದ. ಬೇವಿನ ಮರದ ಕೆಳಗೆ ತಾನಾಗಿ ಹುಟ್ಟಿದ ಒಂದು ಮೊಳದ ಸಸಿಯನ್ನು ಬೇರಿನ ಮಣ್ಣು ಕಳಚದಂತೆ ಎತ್ತಿ ತಂದು ಗೋರಿಯ ತಲೆಯ ಕಡೆಗೆ ನೆಟ್ಟ.

ನಾನು ಮನೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ನಾನಿಲ್ಲದೆಯೇ ಹೆಸರಿಟ್ಟ ಕೂಸನ್ನು ಅತ್ತಿಗೆ ಹೊಸ್ತಿಲಿಗೆ ತಂದಳು. ನಾನು ಕೈ ಹಿಂದೆ ಕಟ್ಟಿಕೊಂಡು, "ಮದಲ ದೇವಿ ಚುಚ್ಚಿಸಿಕೊಂಡ ಬರ್ರಿ," ಎಂದೆ. ದೇವಿ ಮುನಿದಾಳೆಂದು ಲಸಿಕೆಗೆ ಒಲ್ಲೆ ಎನ್ನುತ್ತಿದ್ದವನು ಅಪ್ಪ. ಮರುದಿನ ಶರಣಪ್ಪನನ್ನು ಪಂಚೆಯಲ್ಲಿ ಸುತ್ತಿ ತಾನೇ ಎತ್ತಿಕೊಂಡು ಹೋದ.

ಉದ್ಘಾಟನೆ ಮುಂಗಾರಿಗೆ ಮೊದಲು ನಡೆಯಿತು. ಬಂದ ದೊಡ್ಡವರು ವಾರ್ಡು ನೋಡಿ ಹೊಗಳಿ, ಪಡಸಾಲೆಯಲ್ಲಿ ನಿಂತು ನಕಾಶೆ ಕೇಳಿ ಪಡೆದರು. ಹಸಿರು ವರ್ತುಲದ ಮೇಲೆ ಬೆರಳಿಟ್ಟು, ಇಲ್ಲಿ ಕಾರಂಜಿ ಇರಬೇಕಿತ್ತಲ್ಲ ಎಂದರು. ಬೀಗ ತೆಗೆಯಲು ಅಂಜಿದ್ದ ರಾಯರು ಆ ಎಲ್ಲ ಅಧಿಕಾರಿಗಳ ನಡುವೆ ಗಂಟಲು ಸರಿ ಮಾಡಿಕೊಂಡರು.

"ಅಲ್ಲಿ ನಮ್ಮ ಗೌಂಡಿ ಮಲಗ್ಯಾನ್ರಿ ಸಾಹೇಬ್ರ. ನಕಾಶದಾಗ ಇರಲಿಲ್ಲ. ಆಮ್ಯಾಲ ಕೂಡಿಸೇವಿ."

ದೊಡ್ಡವರು ನಕಾಶೆ ಮಡಿಸಿ ಕೊಟ್ಟರು. ರಾಯರಿಗೆ ಆರು ತಿಂಗಳಲ್ಲಿ ನರಗುಂದದ ಕಡೆಗೆ ವರ್ಗವಾಯಿತು. ಮಲ್ಲವ್ವ ನಮ್ಮಲ್ಲೇ ಆಯಾ ಆಗಿ ಸೇರಿದಳು. ನಾನು ಅದೇ ಕಮಾನುಗಳ ಕೆಳಗೆ ಮೂವತ್ತು ವರ್ಷ ನಡೆದೆ.

ಜೈನಾಬಿ ಇರುವಷ್ಟು ಕಾಲ ಶುಕ್ರವಾರ ತಪ್ಪಿಸಲಿಲ್ಲ. ತಲೆಯ ಮೇಲೆ ಒಂದು ಕೊಡ ನೀರು ಹೊತ್ತು ಬಂದು ಬೇವಿಗೆ ಹಾಕಿ ಹೋಗುತ್ತಿದ್ದಳು. ಬಾವಿಯಲ್ಲಿ ನೀರು ತುಂಬಿದ ವರ್ಷಗಳಲ್ಲೂ, ಮರ ಚಾವಣಿಗಿಂತ ಎತ್ತರ ಬೆಳೆದ ಮೇಲೂ, ಮನೆಯಿಂದಲೇ ತರುತ್ತಿದ್ದಳು.